ಹಿಂದುಳಿದ ದೇಶಗಳಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿ ಸುಧಾರಿಸಲು ಮೊದಲು ಏನು ಮಾಡಬೇಕು?

ಮೊದಲು ತರಬೇತಿಯನ್ನು ಹಾಲ್‌ನಿಂದ ತರಗತಿಗೆ ತರಬೇಕು. ದಕ್ಷಿಣ ಆಫ್ರಿಕಾದಲ್ಲಿ ಎರಡೂ ಬಗೆಯನ್ನು ಹೋಲಿಸಿ ನೋಡಿದ್ದಾರೆ. ಎಲ್ಲರನ್ನೂ ಒಂದೆಡೆ ಸೇರಿಸಿ ಕೊಟ್ಟ ತರಬೇತಿಗಿಂತ, ಮಾರ್ಗದರ್ಶಕರು ತರಗತಿಗೇ ಬಂದು ಪಾಠ ನೋಡಿ ತಿದ್ದಿದ ಕಡೆ ಮಕ್ಕಳ ಓದು ಜಾಸ್ತಿ ಸುಧಾರಿಸಿತು.

ನಮ್ಮ ಕೊಡಗನ್ನೇ ನೋಡಿ. ಕೂಡಿಗೆಯಲ್ಲಿ ಡಯಟ್ (ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆ) ಇದೆ, ಕ್ಲಸ್ಟರ್‌ಗಳಲ್ಲಿ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪುಗಳಲ್ಲಿ, ಶಿಕ್ಷಕರಿಗೆ ನೆರವಾಗುವ ಸಿಆರ್‌ಪಿಗಳಿದ್ದಾರೆ. ಹೊಸದಾಗಿ ಏನೂ ಕಟ್ಟಬೇಕಿಲ್ಲ. ಸಿಆರ್‌ಪಿಗಳಿಗೆ ಇಲಾಖೆಯ ಫಾರಂಗಳಲ್ಲಿ ಮಾಹಿತಿ ತುಂಬುವ ಕೆಲಸ ಕಡಿಮೆ ಮಾಡಿ, ಒಂದು ಶಾಲೆಯಲ್ಲಿ ಅರ್ಧ ದಿನವಾದರೂ ಕೂರಲು ಬಿಡಬೇಕು. ಮಳೆಗಾಲದಲ್ಲಿ ಒಳಗಿನ ಊರುಗಳಿಗೆ ಹೋಗಿಬರೋದು ಸುಲಭ ಅಲ್ವಲ್ಲ, ಪ್ರಯಾಣ ಭತ್ಯೆಯೂ ಸರಿಯಾಗಿ ಸಿಗಬೇಕು.

ಭಾಷೆಯ ವಿಷಯ ಇನ್ನೂ ದೊಡ್ಡದು. ಇಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳಂ ಮನೆಮಾತಿನ ಮಕ್ಕಳು ಒಂದೇ ತರಗತಿಯಲ್ಲಿ ಕೂರುತ್ತಾರೆ. ತೋಟದ ಕೆಲಸಕ್ಕೆ ಅಸ್ಸಾಂನಿಂದ ಬಂದವರ ಮಕ್ಕಳೂ ಇರುತ್ತಾರೆ. ಅಂಥವರಿಗೆ ಕನ್ನಡ ಓದು ಕಲಿಸೋದು ಹೇಗೆ ಅನ್ನೋದನ್ನು ಶಿಕ್ಷಕರಾಗಲು ಡಿ.ಎಲ್.ಎಡ್. (ಹಿಂದಿನ ಡಿ.ಎಡ್.) ಓದುವಾಗಲೇ, ನಿಜವಾದ ಮಕ್ಕಳ ಮುಂದೆ ಅಭ್ಯಾಸ ಮಾಡಿಸಬೇಕು. ಸುಮ್ನೆ ಸಿದ್ಧಾಂತ ಬರೆಸಿದರೆ ಸಾಲದು.

ಪಕ್ಕದ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ನಲಿಕಲಿ, ಅಂದರೆ ಮಕ್ಕಳು ಚಟುವಟಿಕೆಗಳ ಮೂಲಕ ನಲಿಯುತ್ತಾ ಕಲಿಯುವ ಪದ್ಧತಿ, ಶುರುವಾದಾಗ ಕಲಿಕೆಯ ಕಾರ್ಡುಗಳನ್ನು ರೂಪಿಸಿದ್ದು ಶಿಕ್ಷಕರೇ. ಅದೇ ಅದರ ಶಕ್ತಿ ಅಂತ ನನ್ನ ನಂಬಿಕೆ. ತರಬೇತಿಯ ವಿಷಯವನ್ನು ಮೇಲಿನಿಂದ ಕಳಿಸುವ ಮೊದಲು, ಪಾಠ ಮಾಡುವವರನ್ನೇ ಕೂರಿಸಿ ಕೇಳಬೇಕು.