ಛಾವಣಿ ಮೇಲೆ ನಾಲ್ಕು ಲೈಟು ಬೇಕಾ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟ. ಫೋರ್ ವೀಲ್ ಡ್ರೈವ್ ಬೊಲೆರೊ ಕ್ಯಾಂಪರ್ ಇದೆ. ರಾತ್ರಿ ತೋಟದ ಮಣ್ಣು ರಸ್ತೆಯಲ್ಲಿ ಓಡಾಟ ಜಾಸ್ತಿ, ಆಗಾಗ ಚಾರ್ಮಾಡಿ ಇಳಿದು ಮಂಗಳೂರಿಗೂ ಹೋಗಬೇಕು. ಛಾವಣಿಯ ಕ್ಯಾರಿಯರ್ ಮೇಲೆ 100 ವಾಟ್‌ನ ನಾಲ್ಕು ಹ್ಯಾಲೋಜನ್ ಲೈಟು ಹಾಕಿಸೋಣ ಅಂತಿದ್ದೇನೆ. ಎಲೆಕ್ಟ್ರಿಷಿಯನ್ ಹೆಡ್‌ಲೈಟ್ ಸ್ವಿಚ್‌ನಿಂದಲೇ ವೈರ್ ಎಳೆಯುತ್ತೇನೆ, ರಿಲೇ ಎಲ್ಲ ದಂಡ ಅನ್ನುತ್ತಾರೆ. ಸರಿಯಾ?

ಉತ್ತರ: ಖಂಡಿತ ಬೇಡ. ಲೆಕ್ಕ ನೋಡಿ. 100 ವಾಟ್‌ನ ಒಂದು ಲೈಟು 12 ವೋಲ್ಟ್‌ನಲ್ಲಿ 8 ಆಂಪಿಯರ್‌ಗಿಂತ ಸ್ವಲ್ಪ ಹೆಚ್ಚು ಎಳೆಯುತ್ತದೆ. ನಾಲ್ಕಕ್ಕೆ 33 ಆಂಪಿಯರ್. ಹೆಡ್‌ಲೈಟ್ ಸ್ವಿಚ್ ಇಷ್ಟನ್ನು ತಡೆಯುವುದಿಲ್ಲ. ಮೊದಲು ಸ್ವಿಚ್ ಬಿಸಿಯಾಗುತ್ತದೆ, ಆಮೇಲೆ ಪ್ಲಾಸ್ಟಿಕ್ ವಾಸನೆ ಬರುತ್ತದೆ. ನಡುರಾತ್ರಿ ಹೆಡ್‌ಲೈಟೂ ಸೇರಿ ಎಲ್ಲ ಆರಿಹೋದರೆ ಏನು ಮಾಡ್ತೀರಿ?

ನನ್ನ ಸಲಹೆ: ನಾಲ್ಕು ಬೇಡ, ಎರಡು ಸಾಕು. ಉಳಿದ ದುಡ್ಡನ್ನು ವೈರಿಂಗ್‌ಗೆ ಹಾಕಿ.

ಎರಡು ಲೈಟಿಗೆ ಸುಮಾರು 17 ಆಂಪಿಯರ್ ಬೇಕು. ಅಂಗಡಿಯವರು ಕೊಡುವ ತೆಳು ವೈರ್ 1 ಚದರ ಮಿಲಿಮೀಟರ್‌ನದು, ಹೋಗಿಬರುವ ದಾರಿ ಸೇರಿ 8 ಮೀಟರ್ ಅಂದುಕೊಳ್ಳಿ. ಸುಮಾರು 2 ವೋಲ್ಟ್ ದಾರಿಯಲ್ಲೇ ಕಳೆದುಹೋಗಿ ವೈರನ್ನು ಬಿಸಿ ಮಾಡುತ್ತದೆ. ಹ್ಯಾಲೋಜನ್ ಬಲ್ಬಿಗೆ ವೋಲ್ಟೇಜ್ 10% ಇಳಿದರೆ ಬೆಳಕು ಸುಮಾರು 30% ಇಳಿಯುತ್ತದೆ. ಅಂದರೆ 100 ವಾಟ್‌ಗೆ ಕಾಸು ಕೊಟ್ಟು ಮಂಕು ದೀಪ ತಂದಂತಾಯಿತು. 4 ಚದರ ಮಿಲಿಮೀಟರ್‌ನ ತಾಮ್ರದ ವೈರ್ ಹಾಕಿಸಿ, ಈ ನಷ್ಟ ಅರ್ಧ ವೋಲ್ಟ್ ಆಸುಪಾಸಿಗೆ ಬರುತ್ತದೆ. ನಾಲ್ಕು ಲೈಟು ಅಂದುಕೊಂಡಿದ್ದವರಿಗೆ ಎರಡರಲ್ಲೇ ಬೆಳಕು ಸಾಕಾಗುವುದು ಹೀಗೆ.

ರಿಲೇ ದಂಡವಲ್ಲ. ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಲೈಟಿನ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಡಬ್ಬಿ ಅದು. ಸಾಧಾರಣ ನಾಲ್ಕು ಪಿನ್ನಿನ, 12 ವೋಲ್ಟ್ 40 ಆಂಪಿಯರ್‌ನದು ಸಾಕು, ಬೆಲೆಯೂ ಹೆಚ್ಚಿಲ್ಲ. ಪಿನ್ನುಗಳ ಪಕ್ಕ ನಂಬರ್ ಇರುತ್ತದೆ. 30ಕ್ಕೆ ಬ್ಯಾಟರಿಯಿಂದ ನೇರ ಲೈನ್. 87ರಿಂದ ಲೈಟಿಗೆ. 85 ಅರ್ಥ್‌ಗೆ, ಅಂದರೆ ಗಾಡಿಯ ತಗಡಿಗೆ. 86ಕ್ಕೆ ಸ್ವಿಚ್ಚಿನ ಲೈನ್. ಸ್ವಿಚ್ಚಿನಲ್ಲಿ ಹರಿಯುವುದು ಕಾಲು ಆಂಪಿಯರ್‌ಗಿಂತ ಕಡಿಮೆ, ಹಾಗಾಗಿ ಅದು ಸುಡುವುದಿಲ್ಲ. ರಿಲೇಯನ್ನು ಪಿನ್ನು ಕೆಳಮುಖವಾಗಿ ಕೂರಿಸಿ. ನಿಮ್ಮ ಕಡೆಯ ಮಳೆಗೆ ಇದು ಬೇಕೇ ಬೇಕು.

ಬ್ಯಾಟರಿ ಲೈನಿಗೆ 25 ಆಂಪಿಯರ್ ಫ್ಯೂಸ್ ಇರಲಿ, ಅದೂ ಬ್ಯಾಟರಿಯ ಪಕ್ಕದಲ್ಲೇ. ಫ್ಯೂಸ್ ಕಾಯುವುದು ಲೈಟನ್ನಲ್ಲ, ವೈರನ್ನು. ಒಂದು ಮೀಟರ್ ಆಚೆ ಹಾಕಿದರೆ, ಆ ಒಂದು ಮೀಟರ್ ಎಲ್ಲಾದರೂ ಉಜ್ಜಿ ಗಾಡಿಯ ತಗಡಿಗೆ ತಾಗಿದಾಗ ಬೆಂಕಿ ಹತ್ತುವುದನ್ನು ತಡೆಯುವವರಿಲ್ಲ. ತಗಡಿನ ತೂತಿನಲ್ಲಿ ವೈರ್ ಹಾಯುವ ಕಡೆಯೆಲ್ಲ ರಬ್ಬರ್ ಬುಷ್ ಇರಲಿ. ಅರ್ಥ್ ಕಟ್ಟುವ ಜಾಗದಲ್ಲಿ ಪೇಂಟ್ ಕೆರೆದು ಬೋಲ್ಟ್ ಬಿಗಿಯಿರಿ. ಹೊಸ ಲೈಟು ಮಿಣಮಿಣ ಅನ್ನುತ್ತದೆ ಅಂತ ಬರುವ ಗಾಡಿಗಳಲ್ಲಿ ಬಹಳಷ್ಟಕ್ಕೆ ಅರ್ಥ್‌ನದೇ ತೊಂದರೆ.

86ಕ್ಕೆ ಹೋಗುವ ಲೈನನ್ನು ಹೈ ಬೀಮ್‌ನ ವೈರಿನಿಂದಲೇ ಎಳೆದು, ನಡುವೆ ಬೇರೆ ಸ್ವಿಚ್ ಇಡಿಸಿ. ಆಗ ಎದುರಿನ ಗಾಡಿಗೆ ನೀವು ಡಿಪ್ ಕೊಟ್ಟ ಕೂಡಲೇ ಇವೂ ಆರುತ್ತವೆ. ಆರಿಸಲು ಪ್ರತಿ ಸಲ ಬೇರೆ ಸ್ವಿಚ್ ಒತ್ತಬೇಕು ಅಂತಾದರೆ ತಿರುವಿನಲ್ಲಿ ಯಾರಿಗೆ ನೆನಪಿರುತ್ತದೆ? ಕೆಲವು ಗಾಡಿಗಳಲ್ಲಿ ಹೆಡ್‌ಲೈಟಿನ ಸ್ವಿಚ್ ನೆಗೆಟಿವ್ ಕಡೆ ಇರುತ್ತದೆ, ಮೀಟರ್ ಹಿಡಿದು ನೋಡಿಯೇ ಜೋಡಿಸಲಿ. ಹೊಸ ಗಾಡಿಯಾದರೆ ಹೆಡ್‌ಲೈಟ್ ವೈರ್ ಕತ್ತರಿಸುವ ಮುಂಚೆ ಕಂಪನಿಯವರನ್ನು ಕೇಳಿ. ಅದರ ಕಂಪ್ಯೂಟರ್ ತಪ್ಪು ತೋರಿಸಬಹುದು, ವಾರಂಟಿಯೂ ಹೋಗಬಹುದು.

ಇನ್ನು ಜಾಗ. ಛಾವಣಿ ಲೈಟು ಮಂಜಿಗೆ ಆಗುವುದೇ ಇಲ್ಲ. ಕಣ್ಣಿಗಿಂತ ಮೇಲಿನಿಂದ ಬಿದ್ದ ಬೆಳಕು ಮಂಜಿನ ಹನಿಗೆ ತಾಗಿ ವಾಪಸ್ ಕಣ್ಣಿಗೇ ಬರುತ್ತದೆ, ಎದುರಿಗೆ ಬಿಳಿ ಪಂಚೆ ಕಟ್ಟಿದ ಹಾಗೆ. ಬಾನೆಟ್ ಕೂಡ ಹೊಳೆದು ಕಾಟ ಕೊಡುತ್ತದೆ. ಚಾರ್ಮಾಡಿಗೆ ಬೇಕಿರುವುದು ಬಂಪರಿನ ಕೆಳಗೆ, ಅಗಲವಾಗಿ ಚಪ್ಪಟೆಯಾಗಿ ಹರಡುವ ಫಾಗ್ ಲೈಟ್. ಅದಕ್ಕೆ ಬೇರೆ ರಿಲೇ, ಬೇರೆ ಸ್ವಿಚ್. ಜೊತೆಗೆ ಲೋ ಬೀಮ್ ಮಾತ್ರ. ನೀವು ತರುವ ಎರಡು ಲೈಟನ್ನು ಬಂಪರಿನ ಮೇಲೆ ಕೂರಿಸಿ. ಒಂದು ದೂರ ಹೋಗುವ ಸ್ಪಾಟ್, ಇನ್ನೊಂದು ಅಗಲಕ್ಕೆ ಬೀಳುವ ಫ್ಲಡ್ ಆದರೆ ತೋಟದ ರಸ್ತೆಗೆ ಚೆನ್ನ.

ಬೀಮ್ ಹೊಂದಿಸುವಾಗ ಹಿಂದೆ ಗೊಬ್ಬರದ ಮೂಟೆ ಇರಲಿ. ಲೋಡ್ ಆದ ಕ್ಯಾಂಪರಿನ ಹಿಂಭಾಗ ಕೂರುತ್ತದೆ, ಮೂತಿ ಏಳುತ್ತದೆ, ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ 8 ಮೀಟರ್ ದೂರದಲ್ಲಿ, 1.5 ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಕುಕ್ಕಬಾರದು. ಕಣ್ಣು ಕುಕ್ಕುವ ಲೈಟಿಗೆ ನಮ್ಮ ಪೊಲೀಸರು ಕೇಸ್ ಹಾಕುತ್ತಾರೆ. ಡಾಂಬರು ರಸ್ತೆಗೆ ಬಂದಾಗ ಆರಿಸಿ, ಕವರ್ ಹಾಕಿ. ಕಾಡಂಚಿನಲ್ಲಂತೂ ಜೋರು ಲೈಟು ಕಂಡರೆ ಅರಣ್ಯ ಇಲಾಖೆಯವರಿಗೆ ಶಿಕಾರಿಯವರ ಅನುಮಾನ ಬಂದರೆ ತಪ್ಪೇನಿಲ್ಲ. ಆನೆ ಎದುರಾದರೆ ಮಾತ್ರ ಅದರ ಮುಖಕ್ಕೆ ಲೈಟು ಹೊಡೆದು ನಿಲ್ಲಬೇಡಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ‘300 ವಾಟ್’ ಎಲ್‌ಇಡಿ ಬಾರ್ ಅಗ್ಗಕ್ಕೆ ಸಿಕ್ಕಿತು. ಬೆಳಕು ಅಷ್ಟಕ್ಕಷ್ಟೆ. ಹಾಕಿದರೆ ಎಫ್‌ಎಂ ಕೂಡ ಗೊರಗೊರ ಅನ್ನುತ್ತದೆ. ಯಾಕೆ?

ಉತ್ತರ: ಇಂಜಿನ್ ಓಡುವಾಗ ಬಾರ್ ಎಷ್ಟು ಆಂಪಿಯರ್ ಎಳೆಯುತ್ತದೆ ಅಂತ ಡಿಸಿ ಕ್ಲ್ಯಾಂಪ್ ಮೀಟರಿನಲ್ಲಿ (ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವಂಥದ್ದು) ನೋಡಿ. ನಿಜವಾಗಿ 300 ವಾಟ್ ಆದರೆ, ಓಡುವ ಇಂಜಿನ್ನಿನ ಸುಮಾರು 13.8 ವೋಲ್ಟ್‌ನಲ್ಲಿ 22 ಆಂಪಿಯರ್ ತೋರಿಸಬೇಕು. 5 ತೋರಿಸಿದರೆ ಅದು 70 ವಾಟ್‌ನದು ಅಷ್ಟೇ. ಡಬ್ಬಿಯ ಮೇಲೆ ಬರೆಯುವುದು ಒಳಗಿನ ಎಲ್‌ಇಡಿಗಳು ಗರಿಷ್ಠ ಎಷ್ಟು ತಡೆಯಬಹುದು ಅನ್ನುವುದರ ಮೊತ್ತ, ಎಳೆಯುವ ಕರೆಂಟಲ್ಲ. ರೇಡಿಯೊ ಗೊರಗೊರಕ್ಕೆ ಎಲ್‌ಇಡಿಗೆ ಕರೆಂಟ್ ಹೊಂದಿಸಿ ಕೊಡುವ ಅಗ್ಗದ ಡ್ರೈವರ್ ಸರ್ಕ್ಯೂಟ್ ಕಾರಣ. ಬಾರಿನ ವೈರನ್ನು ಆಂಟೆನಾ ಕೇಬಲ್ಲಿನಿಂದ ದೂರ ಒಯ್ದು, ಈ ಗೊರಗೊರ ತಡೆಯಲು ವೈರಿಗೆ ಹಾಕುವ ಉಂಗುರ, ಫೆರೈಟ್ ರಿಂಗ್ ಹಾಕಿ ನೋಡಿ. ಹೋಗದಿದ್ದರೆ ಬಾರ್ ಬದಲಿಸುವುದೇ ದಾರಿ.

ಪ್ರಶ್ನೆ: ಹೆಚ್4 ಹೆಡ್‌ಲೈಟಿಗೇ 100/90 ವಾಟ್ ಬಲ್ಬ್ ಹಾಕಿದರೆ ಆಗಲ್ವಾ?

ಉತ್ತರ: ಹೆಚ್4 ಅಂದರೆ ಹೈ, ಲೋ ಎರಡೂ ಒಂದೇ ಬಲ್ಬಿನಲ್ಲಿ. ಕಂಪನಿ ಬಲ್ಬ್ 60/55 ವಾಟ್‌ನದು, ಹೈ ಬೀಮಿಗೆ 60, ಲೋ ಬೀಮಿಗೆ 55. ಹೋಲ್ಡರ್, ವೈರ್, ರಿಫ್ಲೆಕ್ಟರ್ ಎಲ್ಲ ಅದಕ್ಕೇ ಮಾಡಿದ್ದು. 100/90 ಹಾಕಿದರೆ ಹೋಲ್ಡರ್ ಕರಗಬಹುದು, ರಿಫ್ಲೆಕ್ಟರ್ ಮಂಕಾಗಬಹುದು. ಸುಮ್ನೆ ಹಳೆ ಗಾಜು ಉಜ್ಜಿಸಿ, ಹೆಡ್‌ಲೈಟಿಗೂ ರಿಲೇ ಕಿಟ್ ಹಾಕಿಸಿ. ಅದೇ ಬಲ್ಬಿನಲ್ಲಿ ವ್ಯತ್ಯಾಸ ಕಾಣುತ್ತದೆ.