ಹಳೆಯ ಚಿಪ್‌ಗಳ ಕಾಲುಗಳು ಕಪ್ಪಗಾಗಿದ್ದರೆ ಸ್ವಚ್ಛಗೊಳಿಸುವುದು ಹೇಗೆ?

ಹಳೆಯ ಕಂಪ್ಯೂಟರಿನ ಬೋರ್ಡಿನಿಂದ ತೆಗೆದ ಚಿಪ್‌ಗಳ ಕಾಲುಗಳು ಕಪ್ಪಗಾಗಿವೆ, ಒಂದೆರಡರಲ್ಲಿ ಹಸಿರು ಪುಡಿಯೂ ಕಾಣುತ್ತಿದೆ, ಮರಳು ಕಾಗದದಿಂದ ಉಜ್ಜಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಮರಳು ಕಾಗದ ಬೇಡ. ಕಾಲುಗಳ ಮೇಲಿನ ಲೇಪ ಕೂದಲೆಳೆಗಿಂತಲೂ ಎಷ್ಟೋ ತೆಳುವಾಗಿರುತ್ತದೆ. ಅದು ಸವೆದುಹೋದರೆ ಒಳಗಿನ ಲೋಹ, ಹಲವು ಚಿಪ್‌ಗಳಲ್ಲಿ ಅದು ಕಬ್ಬಿಣ ಮತ್ತು ನಿಕ್ಕಲ್‌ನ ಮಿಶ್ರಲೋಹ, ಗಾಳಿಯ ತೇವಕ್ಕೆ ಸಿಕ್ಕಿ ತುಕ್ಕು ಹಿಡಿಯುತ್ತದೆ. ಆದ್ದರಿಂದ ಉಜ್ಜುವ ಮುನ್ನ ಬಣ್ಣವನ್ನು ನೋಡಬೇಕು.

ಕಾಲುಗಳ ತುಂಬ ಒಂದೇ ಸಮನಾಗಿ ಹರಡಿದ ಕಪ್ಪು ಸಾಮಾನ್ಯವಾಗಿ ಬೆಳ್ಳಿಯ ಸಲ್ಫೈಡ್. 1970ರ ದಶಕದ ಮತ್ತು 1980ರ ದಶಕದ ಆರಂಭದ ಅನೇಕ ಚಿಪ್‌ಗಳ ಕಾಲಿಗೆ ಬೆಳ್ಳಿಯ ಲೇಪವಿತ್ತು. ಬೆಳ್ಳಿಯ ದೀಪ ಕಪ್ಪಾಗುವಂತೆಯೇ ಗಾಳಿಯಲ್ಲಿನ ಗಂಧಕದ ಅಂಶದಿಂದ ಇದೂ ಕಪ್ಪಾಗುತ್ತದೆ. ನೋಡಲು ಭಯಂಕರವಾಗಿದ್ದರೂ ಕೆಳಗಿನ ಲೋಹ ಬಹುತೇಕ ಗಟ್ಟಿಯಾಗಿಯೇ ಇರುತ್ತದೆ. ನಾನು ಇದಕ್ಕೆ ಬಳಸುವುದು ಪೆನ್ಸಿಲ್ ಅಳಿಸುವ ಮೆದುವಾದ ಬಿಳಿ ರಬ್ಬರ್. ಅದನ್ನು ಬ್ಲೇಡಿನಿಂದ ಮೊನಚಾಗಿ ಕತ್ತರಿಸಿ, ಕಾಲಿನ ಹಿಂಬದಿಗೆ ತೆಳುವಾದ ಮರದ ಪಟ್ಟಿಯ ಆಸರೆ ಕೊಟ್ಟು, ಮೇಲಿನಿಂದ ತುದಿಯ ಕಡೆಗೆ ಒಂದೇ ದಿಕ್ಕಿನಲ್ಲಿ ನಾಲ್ಕಾರು ಬಾರಿ ಎಳೆಯುತ್ತೇನೆ. ಮೊದಲು ಬೂದು ಬಣ್ಣ, ಆಮೇಲೆ ಮಂದವಾದ ಬಿಳುಪು ಕಾಣಿಸುತ್ತದೆ, ಅಲ್ಲಿಗೆ ನಿಲ್ಲಿಸುತ್ತೇನೆ. ಕನ್ನಡಿಯಂತೆ ಹೊಳೆಯುವ ತನಕ ಉಜ್ಜಬೇಕಾಗಿಲ್ಲ. ಬಳಿಕ ಶೇ 99ರ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಮೃದುವಾದ ಬ್ರಷ್‌ನಿಂದ ರಬ್ಬರಿನ ಪುಡಿಯನ್ನು ತೆಗೆಯಬೇಕು. ರಬ್ಬರ್ ಉಜ್ಜಿದಾಗ ಸ್ಥಿರ ವಿದ್ಯುತ್ ಹುಟ್ಟುತ್ತದೆ, ಆ ಕಾಲದ ಚಿಪ್‌ಗಳು ಅದನ್ನು ತಾಳಲಾರವು. ಹಾಗಾಗಿ ಭೂಸಂಪರ್ಕವಿರುವ ಮಣಿಕಟ್ಟಿನ ಪಟ್ಟಿಯಿಲ್ಲದೆ ಈ ಕೆಲಸಕ್ಕೆ ಕೂರಬೇಡಿ. ಗಾಜಿನ ನಾರಿನ ಪೆನ್ನು ಇನ್ನೂ ಚೆನ್ನಾಗಿ ಉಜ್ಜುತ್ತದೆ, ಆದರೆ ಅದರ ಚೂರುಗಳು ಬೆರಳಿಗೆ ನಾಟುತ್ತವೆ, ಉಸಿರಿನೊಳಗೂ ಹೋಗಬಹುದು. ಕೈಗವಸು ಮತ್ತು ಮುಖಗವಸು ಎರಡೂ ಬೇಕು.

ಹಸಿರು ಪುಡಿ ಎಂದರೆ ತಾಮ್ರದ ಕಿಲುಬು. ಬೋರ್ಡಿನ ಮೇಲೆ ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿ ಇದ್ದರೆ ಅದು ಸೋರಿರುವ ಸಾಧ್ಯತೆಯೇ ಹೆಚ್ಚು. ಸೋರಿದ ದ್ರವ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಅದನ್ನು ಬಿಳಿ ವಿನೆಗರ್ ಹಚ್ಚಿದ ಹತ್ತಿಯ ಕಡ್ಡಿಯಿಂದ ಶಮನಗೊಳಿಸಿ, ತಡಮಾಡದೆ ಬಟ್ಟಿ ಇಳಿಸಿದ ನೀರಿನಿಂದ ತೊಳೆದು, ಆಲ್ಕೋಹಾಲ್ ಹಚ್ಚಿ ಪೂರ್ತಿ ಒಣಗಿಸಬೇಕು. ಆಮ್ಲದ ಅಂಶ ಉಳಿದರೆ ಅದೇ ಮುಂದಿನ ತುಕ್ಕಿಗೆ ಕಾರಣವಾಗುತ್ತದೆ.

ನನಗೆ ನಿಜವಾದ ಆತಂಕ ಹುಟ್ಟಿಸುವುದು ಕೆಂಪು ತುಕ್ಕು. ಒಮ್ಮೆ 40 ಕಾಲಿನ ಚಿಪ್ಪೊಂದನ್ನು ಸಾಕೆಟ್ಟಿನಿಂದ, ಅಂದರೆ ಬೋರ್ಡಿನ ಮೇಲೆ ಅದು ಕೂರುವ ಗೂಡಿನಿಂದ, ಎಬ್ಬಿಸುವಾಗ, ಅಗಲವಾದ ಭಾಗ ಕಿರಿದಾಗುವ ಆ ಭುಜದ ಬಳಿಯೇ ಒಂದು ಕಾಲು ಸದ್ದಿಲ್ಲದೆ ಮುರಿಯಿತು. ಮುರಿದ ಅಂಚು ಒಳಗಿನವರೆಗೂ ಕಂದು ಬಣ್ಣಕ್ಕೆ ತಿರುಗಿತ್ತು. ಇಂಥ ಚಿಪ್ಪನ್ನು ಎರಡೂ ತುದಿಗಳಿಂದ ಸರದಿಯಂತೆ ಕೂದಲೆಳೆಯಷ್ಟೇ ಎತ್ತುತ್ತಾ ಹೊರತೆಗೆಯಬೇಕು. ಅನಂತರ ಅದನ್ನು ದುಂಡು ಪಿನ್ನಿನ ಹೊಸ ಸಾಕೆಟ್ಟಿನಲ್ಲಿ ಕೂರಿಸಿ, ದುರ್ಬಲ ಕಾಲುಗಳನ್ನು ಅದಕ್ಕೇ ಬೆಸುಗೆ ಹಾಕಿದರೆ, ಮುಂದೆ ಬೋರ್ಡಿಗೆ ಹಾಕುವಾಗ ತೆಗೆಯುವಾಗ ಭಾರ ಬೀಳುವುದು ಹೊಸ ಸಾಕೆಟ್ಟಿನ ಪಿನ್ನುಗಳ ಮೇಲೆ.

ಬೋರ್ಡಿನ ಹಳೆಯ ಸಾಕೆಟ್ಟನ್ನೂ ಪರೀಕ್ಷಿಸಿ. ಕಾಲುಗಳಲ್ಲಿದೆ ಎಂದುಕೊಂಡ ದೋಷ ಎಷ್ಟೋ ಬಾರಿ ಕಾಲನ್ನು ಹಿಡಿದಿಡುವ ಅದರ ಸಡಿಲವಾದ ಸ್ಪ್ರಿಂಗಿನಲ್ಲಿರುತ್ತದೆ. ಸ್ಪ್ರಿಂಗಿನ ಬಿಗಿ ಹೋಗಿದ್ದರೆ ಯಾವ ದ್ರಾವಣವೂ ಅದನ್ನು ಮರಳಿಸದು, ಸಾಕೆಟ್ಟನ್ನೇ ಬದಲಿಸಬೇಕು.

ನಿಮ್ಮ ಚಿಪ್‌ಗಳಲ್ಲಿ ಗಾಜಿನ ಕಿಟಕಿಯಿರುವ ಈಪ್ರಾಮ್ (ನೇರಳಾತೀತ ಬೆಳಕಿನಿಂದ ಅಳಿಸಬಹುದಾದ ಮೆಮೊರಿ ಚಿಪ್) ಇದ್ದರೆ, ಕಾಲುಗಳನ್ನು ಮುಟ್ಟುವ ಮೊದಲು ಸಾಧ್ಯವಾದರೆ ಅದರೊಳಗಿನ ಮಾಹಿತಿಯನ್ನು ಓದಿ ಉಳಿಸಿಕೊಳ್ಳಿ. ಕಿಟಕಿಯ ಮೇಲಿನ ಚೀಟಿಗೆ ಆಲ್ಕೋಹಾಲ್ ತಾಗಿದರೆ ಅಂಟು ಬಿಡುತ್ತದೆ, ತೆರೆದ ಕಿಟಕಿಯ ಮೇಲೆ ದಿನಗಟ್ಟಲೆ ನೇರ ಬಿಸಿಲು ಬಿದ್ದರೆ ಮಾಹಿತಿಯೇ ಅಳಿಸಿಹೋಗಬಹುದು.