ಚಾರ್ಜರ್‌ನ ಟ್ರಾನ್ಸಿಸ್ಟರ್ ಪದೇ ಪದೇ ಸುಡುತ್ತಿದೆ, ಯಾಕೆ?

ಪ್ರಶ್ನೆ: ಮನೆಯಲ್ಲಿದ್ದ ಹಳೇ ಮೊಬೈಲ್ ಚಾರ್ಜರ್ (5 ವೋಲ್ಟ್, 500 ಮಿಲಿಆಂಪ್) ಕೆಟ್ಟಿತ್ತು. ಬಿಚ್ಚಿ ನೋಡಿದರೆ ಕರೆಂಟನ್ನು ಆನ್-ಆಫ್ ಮಾಡುವ 13001 ಟ್ರಾನ್ಸಿಸ್ಟರ್ ಶಾರ್ಟ್. ಅದರ ಎಮಿಟರ್ ಕಾಲಿನಲ್ಲಿದ್ದ (ಕರೆಂಟ್ ಹೊರಬರುವ ಕಾಲು) ಸಣ್ಣ ರೆಸಿಸ್ಟರ್ ಕರಕಲಾಗಿ ಬಣ್ಣದ ಪಟ್ಟಿಗಳೇ ಕಾಣುತ್ತಿರಲಿಲ್ಲ. ಆ ಜಾಗಕ್ಕೆ ಒಂದು ತಂತಿ ಹಾಕಿ ಹೊಸ ಟ್ರಾನ್ಸಿಸ್ಟರ್ ಬೆಸೆದೆ. ಫೋನ್ ಚುಚ್ಚಿದ ಕೂಡಲೇ ಹೋಯ್ತು. ಮೂರು ಸಲ ಹೀಗೇ. ಅಂಗಡಿಯವರು ಕೊಟ್ಟಿದ್ದು ಡೂಪ್ಲಿಕೇಟ್ ಮಾಲಾ?
– ಒಬ್ಬ ಓದುಗರು, ತಿಪಟೂರು

ಉತ್ತರ: ಅಂಗಡಿಯವರನ್ನು ಬೈಯುವ ಮೊದಲು ಆ ತಂತಿಯನ್ನು ಕಿತ್ತುಬಿಡಿ. ಆ ಚಾರ್ಜರ್‌ಗೆ ಇದ್ದ ಓವರ್‌ಲೋಡ್ ರಕ್ಷಣೆ ಎಂದರೆ ಆ ರೆಸಿಸ್ಟರ್, ಜೊತೆಗೆ ಅದರ ಪಕ್ಕದಲ್ಲಿರುವ ಸಣ್ಣ ಟ್ರಾನ್ಸಿಸ್ಟರ್ (ಸಾಮಾನ್ಯವಾಗಿ ಸಿ945), ಅಷ್ಟೇ.

13001 ಆನ್ ಆದಾಗ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ (ಮೇನ್ಸ್ ಕಡೆಯ) ಸುರುಳಿಯಲ್ಲಿ ಕರೆಂಟ್ ಒಮ್ಮೆಲೇ ಹರಿಯುವುದಿಲ್ಲ, ಇಳಿಜಾರು ಹತ್ತಿದ ಹಾಗೆ ಏರುತ್ತಾ ಹೋಗುತ್ತದೆ, ಅದರಲ್ಲೇ ಇರುವ ಫೀಡ್‌ಬ್ಯಾಕ್ ಸುರುಳಿ 13001ರ ಬೇಸ್‌ಗೆ (ಆನ್-ಆಫ್ ನಿಯಂತ್ರಿಸುವ ಕಾಲು) ಒತ್ತು ಕೊಡುತ್ತಲೇ ಇರುತ್ತದೆ. ಈ ಕರೆಂಟ್ ಎಮಿಟರ್ ರೆಸಿಸ್ಟರ್ ದಾಟುವಾಗ ಅಲ್ಲಿ ಸುಮಾರು 0.6 ವೋಲ್ಟ್ ಬಂತೋ, ಸಿ945 ಆನ್ ಆಗಿ 13001ರ ಬೇಸನ್ನು ಕೆಳಗೆಳೆಯುತ್ತದೆ. 13001 ಆಫ್. ಟ್ರಾನ್ಸ್‌ಫಾರ್ಮರ್‌ನ ಕೋರ್‌ನಲ್ಲಿ ತುಂಬಿದ್ದ ಶಕ್ತಿ ಆಗ ಸೆಕೆಂಡರಿಗೆ (ಫೋನ್ ಕಡೆಯ ಸುರುಳಿಗೆ) ಹೋಗುತ್ತದೆ. ಔಟ್‌ಪುಟ್ ಶಾರ್ಟ್ ಆದರೂ ಪ್ರತಿ ಸುತ್ತಿನಲ್ಲೂ ಕರೆಂಟ್ ಇಷ್ಟಕ್ಕೇ ನಿಲ್ಲುತ್ತದೆ. ನೀವು ತಂತಿ ಹಾಕಿದಿರಿ, 0.6 ವೋಲ್ಟ್ ಬರುವುದೇ ಇಲ್ಲ, ಕೋರ್ ಸ್ಯಾಚುರೇಟ್ ಆಗುವವರೆಗೂ (ಇನ್ನಷ್ಟು ಕಾಂತತ್ವ ಹಿಡಿಯದಷ್ಟು ತುಂಬುವವರೆಗೂ) ಕರೆಂಟ್ ಏರಬಹುದು, ಆಮೇಲೆ ಅದು ಜಿಗಿಯುತ್ತದೆ. 13001 ತಾಳಿಕೊಳ್ಳುವುದು 200 ಮಿಲಿಆಂಪ್ ಮಾತ್ರ. ಫೋನ್ ಚುಚ್ಚಿದಾಗಲೇ ಸುಟ್ಟಿದ್ದು ಅದಕ್ಕೇ.

ಈಗ ಯಾವ ರೆಸಿಸ್ಟರ್ ಹಾಕಬೇಕು? 0.6ನ್ನು ಓಮ್‌ನಿಂದ ಭಾಗಿಸಿದರೆ ಗರಿಷ್ಠ ಕರೆಂಟ್ ಸಿಗುತ್ತದೆ. 10 ಓಮ್ ಆದರೆ 60 ಮಿಲಿಆಂಪ್. 3 ಓಮ್ ಆದರೆ ಸರಿಯಾಗಿ 200, ಅಂದರೆ ಅಂಚಿನ ಮೇಲೆ ನಿಂತ ಹಾಗೆ. ಹಾಗಾಗಿ 10 ಓಮ್‌ನಿಂದ ಶುರು ಮಾಡಿ. ಲೋಡ್ ಕೊಟ್ಟಾಗ ಔಟ್‌ಪುಟ್ 5 ವೋಲ್ಟ್‌ಗಿಂತ ತೀರಾ ಕೆಳಗಿಳಿದರೆ 8.2, ಆಮೇಲೆ 6.8 ಹಾಕಿ ನೋಡಿ. 4.7ಕ್ಕಿಂತ ಕೆಳಗೆ ಮಾತ್ರ ಹೋಗಬೇಡಿ.

ಸಿ945 ಕೂಡ ಬದಲಿಸಿ, ಇದನ್ನು ಎಷ್ಟೋ ಜನ ಮರೆಯುತ್ತಾರೆ. 13001 ಶಾರ್ಟ್ ಆದ ಕ್ಷಣ ಮೇನ್ಸ್ ಕಡೆಯ ದೊಡ್ಡ ಕೆಪಾಸಿಟರ್‌ನಲ್ಲಿದ್ದ 325 ವೋಲ್ಟ್ ಅದರ ಮೂಲಕ ಎಮಿಟರ್ ಕಡೆ ನುಗ್ಗುತ್ತದೆ, ರೆಸಿಸ್ಟರ್ ಕರಕಲಾಗಿದ್ದು ಹಾಗೇ, ಸಿ945 ಅಲ್ಲೇ ಪಕ್ಕದಲ್ಲಿರುತ್ತದೆ, ಅದು ಉಳಿದಿರುವುದು ಕಷ್ಟ. ಸಿ945 ಒಳಗೆ ಓಪನ್ ಆಗಿದ್ದರೆ (ಸಂಪರ್ಕ ಕಡಿದಿದ್ದರೆ) ನೀವು ಸರಿಯಾದ ರೆಸಿಸ್ಟರ್ ಹಾಕಿದರೂ ಅದು ಬೇಸನ್ನು ಎಳೆಯುವುದಿಲ್ಲ, ನಾಲ್ಕನೇ ಟ್ರಾನ್ಸಿಸ್ಟರೂ ಹೋಗುತ್ತದೆ. ಎರಡರ ಕಾಲುಗಳ ಕ್ರಮ ಬೇರೆ ಬೇರೆ ಇರುತ್ತದೆ, ಮೀಟರ್‌ನಲ್ಲಿ ನೋಡಿಕೊಂಡೇ ಬೆಸೆಯಿರಿ. ಸೆಕೆಂಡರಿಯ ಡಯೋಡ್ ಶಾರ್ಟ್ ಇದೆಯಾ ಅಂತಲೂ ನೋಡಿ.

ನೇರವಾಗಿ ಪ್ಲಗ್‌ಗೆ ಮಾತ್ರ ಚುಚ್ಚಬೇಡಿ. 40 ವಾಟ್‌ನ ಹಳೇ ಫಿಲಮೆಂಟ್ ಬಲ್ಬನ್ನು ಸೀರೀಸ್‌ನಲ್ಲಿಟ್ಟು ಆನ್ ಮಾಡಿ, ಎಲ್‌ಇಡಿ ಬಲ್ಬ್ ಇದಕ್ಕೆ ಆಗುವುದಿಲ್ಲ. ಬಲ್ಬ್ ಒಮ್ಮೆ ಮಿಂಚಿ ಆರಿದರೆ ಸರಿ. ಉರಿಯುತ್ತಲೇ ಇದ್ದರೆ ಇನ್ನೂ ಎಲ್ಲೋ ಶಾರ್ಟ್ ಇದೆ. ಬೋರ್ಡ್ ಮುಟ್ಟುವ ಮೊದಲು ಪ್ಲಗ್ ತೆಗೆದು, ದೊಡ್ಡ ಕೆಪಾಸಿಟರ್‌ನ ಎರಡು ಕಾಲಿಗೆ 10 ಕಿಲೋಓಮ್ ರೆಸಿಸ್ಟರನ್ನು ಇಕ್ಕಳದಲ್ಲಿ ಹಿಡಿದು ತಾಗಿಸಿ, ಮೀಟರ್‌ನಲ್ಲಿ ಸೊನ್ನೆ ಬಂದಿದೆಯಾ ನೋಡಿ.